ತಾಲ್ಲೂಕು ವರದಿಗಾರ್ತಿಯ ಕೆಲಸ: ಒಪ್ಪಿಕೊಳ್ಳುವ ಮೊದಲು ಏನು ಕೇಳಬೇಕು?

ಪ್ರಶ್ನೆ: ನಾನು ಬ್ಯಾಡಗಿಯವಳು. ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿ ಬೆಂಗಳೂರಿನ ಒಂದು ಸುದ್ದಿ ಜಾಲತಾಣದಲ್ಲಿ ಕೆಲಸ ಮಾಡುತ್ತಿದ್ದೆ. ಮನೆಯ ಕಾರಣಕ್ಕೆ ಊರಿಗೆ ಮರಳಿದ್ದೇನೆ. ದಿನಪತ್ರಿಕೆಯೊಂದು ತಾಲ್ಲೂಕು ವರದಿಗಾರ್ತಿಯಾಗಲು ಕರೆದಿದೆ. ತಿಂಗಳಿಗೆ ಒಂದಿಷ್ಟು ಗೌರವಧನ, ಜೊತೆಗೆ ಜಾಹೀರಾತಿನ ಕಮಿಷನ್ ಎಂದಿದ್ದಾರೆ. 'ಪೇಪರ್ ಓದುವವರೇ ಇಲ್ಲದ ಕಾಲದಲ್ಲಿ ಇದೆಂಥ ಕೆಲಸ' ಎನ್ನುತ್ತಾರೆ ಅಪ್ಪ. ಈ ಕೆಲಸದ ದಿನಚರಿ ನಿಜಕ್ಕೂ ಹೇಗಿರುತ್ತದೆ? ಇದಕ್ಕೆ ಭವಿಷ್ಯವಿದೆಯೇ?

ಉತ್ತರ: ನಿಮ್ಮ ತಂದೆಯವರ ಮಾತು ಅರ್ಧ ಸರಿ. ಓದುವವರು ಇದ್ದಾರೆ, ಕೊಂಡು ಓದುವವರು ಕಡಿಮೆಯಾಗಿದ್ದಾರೆ. ಬೆಳಿಗ್ಗೆ ಆರಕ್ಕೇ ಜಿಲ್ಲಾ ಪುಟದ ಪಿಡಿಎಫ್ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಅದನ್ನು ಹರಿಯಬಿಡುವವರಲ್ಲಿ ವರದಿಗಾರರೇ ಮುಂದು. ನಿನ್ನೆ ಭಾಷಣ ಮಾಡಿದವರಿಗೆ ಅವರ ಸುದ್ದಿಯ ತುಣುಕನ್ನು ಕಳುಹಿಸಿ 'ಬಂದಿದೆ ಸರ್' ಎಂದು ತಿಳಿಸುವುದು ಈಗ ಈ ಕೆಲಸದ ಅಲಿಖಿತ ಭಾಗವೇ ಆಗಿಬಿಟ್ಟಿದೆ. ಪತ್ರಿಕೆ ಹಂಚುವ ಏಜೆಂಟರ ಹೊಟ್ಟೆಯ ಮೇಲೆ ಹೊಡೆಯುತ್ತಿರುವವರು ಯಾರು ಎಂದು ಯಾರೂ ಕೇಳುವುದಿಲ್ಲ.

ಆದರೆ ಪತ್ರಿಕೆ ಉಳಿಯುತ್ತದೆಯೋ ಇಲ್ಲವೋ ಎಂಬುದು ನೀವು ಈಗ ತೀರ್ಮಾನಿಸಬೇಕಾದ ವಿಷಯವಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 'ಜೊತೆಗೆ ಜಾಹೀರಾತಿನ ಕಮಿಷನ್' ಎಂಬಲ್ಲಿ. ತಾಲ್ಲೂಕು ವರದಿಗಾರರು ಕಳುಹಿಸಿದ ಸುದ್ದಿಗಳನ್ನು ಬಹುಕಾಲ ಪತ್ರಿಕಾ ಕಚೇರಿಯ ಡೆಸ್ಕಿನಲ್ಲಿ ಕುಳಿತು ತಿದ್ದಿದವನು ನಾನು. ಬರೆಯಲು ಬಾರದೆ ಈ ಕೆಲಸ ಬಿಟ್ಟವರನ್ನು ಕಂಡದ್ದು ಕಡಿಮೆ. ಮುಲಾಜಿಗೆ ಬಿದ್ದು ಬರೆಯಲಾಗದೆ ಹೋದವರೇ ಹೆಚ್ಚು. ಅಲ್ಲಿಗೆ ಬರುತ್ತೇನೆ, ಮೊದಲು ದಿನಚರಿ.

ದಿನ ಆರಂಭವಾಗುವುದು ಬೇರೆ ಪತ್ರಿಕೆಗಳಿಂದ. ಅವರಲ್ಲಿ ಬಂದು ನಿಮ್ಮಲ್ಲಿ ಬಾರದ ಸುದ್ದಿಯೊಂದು ಇದ್ದರೆ, ನೀವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹಾವೇರಿಯಿಂದ ಜಿಲ್ಲಾ ವರದಿಗಾರರ ಫೋನ್ ಬರುತ್ತದೆ: 'ಅದು ಹೇಗೆ ಮಿಸ್ ಆಯಿತು?' ನಿಮ್ಮಲ್ಲಿ ಮಾತ್ರ ಬಂದ ಸುದ್ದಿಗೆ ಫೋನ್ ಬರುವುದು ಅಪರೂಪ. ಇದಕ್ಕೆ ಬೇಸರಪಟ್ಟುಕೊಳ್ಳಬೇಡಿ, ಎಲ್ಲ ಪತ್ರಿಕೆಗಳಲ್ಲಿಯೂ ಹೀಗೆಯೇ. ಎಲ್ಲ ವರದಿಗಾರರೂ ಒಂದೇ ಸುದ್ದಿಯನ್ನು ಹಂಚಿಕೊಂಡು ಬರೆಯುವ ಅಭ್ಯಾಸ ತಾಲ್ಲೂಕುಗಳಲ್ಲಿ ಬೆಳೆದದ್ದೂ ಈ ಫೋನಿನ ಭಯದಿಂದಲೇ. ಯಾರಿಗೂ ಮಿಸ್ ಆಗುವುದಿಲ್ಲ, ಯಾರಿಗೂ ವಿಶೇಷವಾದದ್ದು ಸಿಗುವುದೂ ಇಲ್ಲ.

ಬಳಿಕ ಫೋನ್ ಸುತ್ತು. ಪೊಲೀಸ್ ಠಾಣೆಯಲ್ಲಿ ದಾಖಲೆ ಬರೆಯುವ ರೈಟರ್, ತಾಲ್ಲೂಕು ಆಸ್ಪತ್ರೆ, ಅಗ್ನಿಶಾಮಕ ಠಾಣೆ, ವಿದ್ಯುತ್ ಕಂಪನಿ ಹೆಸ್ಕಾಂ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ನಿರ್ದೇಶನ ನೀಡಿದೆ. ಹಾಗೆಂದು ಠಾಣೆಗೆ ಹೋಗುವುದನ್ನು ಬಿಡಬೇಡಿ. ಎಫ್‌ಐಆರ್‌ನಲ್ಲಿರುವುದು ದೂರು ಕೊಟ್ಟವರ ಮಾತು ಮಾತ್ರ. ದೂರು ದಾಖಲಾಗದೆ ಠಾಣೆಯ ಜಗಲಿಯಲ್ಲೇ ರಾಜಿಯಾದದ್ದು ಯಾವ ಜಾಲತಾಣದಲ್ಲಿಯೂ ಕಾಣುವುದಿಲ್ಲ.

ಹತ್ತರಿಂದ ಕಾರ್ಯಕ್ರಮಗಳು. ಗುದ್ದಲಿ ಪೂಜೆ, ಜಯಂತಿ, ಸನ್ಮಾನ, ಮನವಿ ಸಲ್ಲಿಕೆ. ಹತ್ತಕ್ಕೆಂದು ಆಮಂತ್ರಣದಲ್ಲಿದ್ದರೆ ಶಾಸಕರು ಬರುವುದು ಹನ್ನೆರಡಕ್ಕೆ. ನೀವು ಬರೆದದ್ದರಲ್ಲಿ ಊರಿನವರು ಮೊದಲು ಓದುವುದು ಕೊನೆಯ ಸಾಲನ್ನು: ಇಂಥಿಂಥವರು ಉಪಸ್ಥಿತರಿದ್ದರು. ಜಾಗ ಸಾಲದೆ ಹುಬ್ಬಳ್ಳಿಯ ಡೆಸ್ಕ್ ಆ ಸಾಲನ್ನು ಕತ್ತರಿಸಿದರೆ ಜಗಳ ನಿಮ್ಮ ಮನೆಯ ಬಾಗಿಲಿಗೆ ಬರುತ್ತದೆ. ಕತ್ತರಿಸಿದವರ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಇಂಥ ಕಾರ್ಯಕ್ರಮಗಳಲ್ಲಿ ವೇದಿಕೆಯ ಮುಂದಿನ ಸಾಲಿಗಿಂತ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ರಸ್ತೆಗೆ ಎಷ್ಟು ಹಣ ಮಂಜೂರಾಗಿದೆ ಎಂಬುದು ವೇದಿಕೆಯಿಂದ ತಿಳಿಯುತ್ತದೆ. ಅದೇ ರಸ್ತೆಗೆ ಹಿಂದೆ ಎಷ್ಟು ಸಲ ಪೂಜೆಯಾಗಿತ್ತು ಎಂಬುದು ಹಿಂದಿನ ಸಾಲಿನವರಿಗೆ ಗೊತ್ತಿರುತ್ತದೆ.

ಮಧ್ಯಾಹ್ನದ ಹೊತ್ತು ತಹಶೀಲ್ದಾರ್ ಕಚೇರಿ, ತಾಲ್ಲೂಕು ಪಂಚಾಯಿತಿ, ಪುರಸಭೆ. ಇಲ್ಲಿಯೇ ಒಂದು ದೊಡ್ಡ ಬದಲಾವಣೆ ಆಗಿರುವುದು. ಉದ್ಯಮದ ಬಿಕ್ಕಟ್ಟಿನ ಬಗ್ಗೆ ಮಾತನಾಡುವವರು ಅದನ್ನು ಗಮನಿಸುವುದೇ ಇಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಬಳಿಕ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲೇ ಅವು ನಡೆದವು. ತಾಲ್ಲೂಕು ಪಂಚಾಯಿತಿಯ ಸಾಮಾನ್ಯ ಸಭೆ ಎಂದರೆ ವರದಿಗಾರರಿಗೆ ಸುಗ್ಗಿಯಾಗಿತ್ತು. ಶಾಲೆಯ ಸೋರುವ ಚಾವಣಿ, ಬಾರದ ಔಷಧಿ, ಕೆಟ್ಟ ಕೊಳವೆಬಾವಿ ಎಲ್ಲವನ್ನೂ ಸದಸ್ಯರು ಅಧಿಕಾರಿಗಳ ಮುಖಕ್ಕೇ ಕೇಳುತ್ತಿದ್ದರು, ನಾವು ಕುಳಿತಲ್ಲೇ ಬರೆದುಕೊಳ್ಳುತ್ತಿದ್ದೆವು. ಆ ಸಭೆ ನಿಂತ ಮೇಲೆ ಪ್ರಶ್ನೆ ಕೇಳುವವರೇ ಇಲ್ಲವಾದರು. ಉಳಿದದ್ದು ಶಾಸಕರ ಅಧ್ಯಕ್ಷತೆಯ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನೆಯ ಸಭೆ. ಅಲ್ಲಿ ಅಧಿಕಾರಿ ಓದಿದ ಅಂಕಿಅಂಶವೇ ಸುದ್ದಿ. ಹಾಗಾಗಿ ಜಿಲ್ಲಾ ಪುಟಗಳು ಸಪ್ಪೆಯಾಗಿರುವುದಕ್ಕೆ ಮೊಬೈಲ್ ಒಂದನ್ನೇ ದೂರುವುದನ್ನು ನಾನು ಒಪ್ಪುವುದಿಲ್ಲ.

ಮೂರರ ಮೇಲೆ ಬರವಣಿಗೆ. ಒಂದು ಕಾಲದಲ್ಲಿ ಸುದ್ದಿಯನ್ನು ಲಕೋಟೆಯಲ್ಲಿ ಹಾಕಿ ಹುಬ್ಬಳ್ಳಿ ಬಸ್ಸಿನ ಚಾಲಕರ ಕೈಗೆ ಕೊಟ್ಟು, ಅಲ್ಲಿ ಕಚೇರಿಯ ಹುಡುಗ ನಿಲ್ದಾಣಕ್ಕೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಬಸ್ಸು ಕೆಟ್ಟರೆ ಸುದ್ದಿಯೂ ಕೆಟ್ಟಿತು. ಆಮೇಲೆ ಫ್ಯಾಕ್ಸ್, ಮಿಂಚಂಚೆ. ಈಗ ಮೊಬೈಲಿನಲ್ಲೇ ಯೂನಿಕೋಡ್‌ನಲ್ಲಿ ಬರೆದು ಗುಂಪಿಗೆ ಹಾಕಿದರೆ ಮುಗಿಯಿತು. ವೇಗ ಬಂದಿದೆ, ಆದರೆ ಡೆಡ್‌ಲೈನ್ ಮುಂದಕ್ಕೆ ಹೋಗಿಲ್ಲ. ದೂರದ ಊರುಗಳಿಗೆ ಹೋಗುವ ಪುಟಗಳೇ ಮೊದಲು ಮುಚ್ಚುತ್ತವೆ, ಅಂದರೆ ಅವುಗಳಿಗೆ ಸುದ್ದಿ ಸೇರಿಸುವುದು ಮೊದಲು ನಿಲ್ಲುತ್ತದೆ, ಅವೇ ಮೊದಲು ಮುದ್ರಣವಾಗುತ್ತವೆ, ಏಕೆಂದರೆ ಪತ್ರಿಕೆಯ ವಾಹನ ಅಷ್ಟು ದೂರ ಹೋಗಬೇಕು. ಆದ್ದರಿಂದ ರಾತ್ರಿ ಒಂಬತ್ತಕ್ಕೆ ಮೋಟೆಬೆನ್ನೂರಿನ ಬಳಿ ಹೆದ್ದಾರಿಯಲ್ಲಿ ಅಪಘಾತವಾದರೆ ಅದು ನಗರದ ಆವೃತ್ತಿಯಲ್ಲಿ ಬಂದು ನಿಮ್ಮೂರಿನ ಪ್ರತಿಯಲ್ಲಿ ಬಾರದಿರಬಹುದು. ಊರಿನವರು ಇದನ್ನು ನಿಮ್ಮ ಸೋಮಾರಿತನ ಎಂದುಕೊಳ್ಳುತ್ತಾರೆ.

ಈಚೆಗೆ ಇದರ ಮೇಲೆ ಮತ್ತೊಂದು ಹೊರೆ. ಪುಟಕ್ಕೆ ಸಂಜೆ ಕೊಟ್ಟರೆ ಸಾಲದು, ಜಾಲತಾಣಕ್ಕೆ ಆಗಲೇ ಮೂರು ಸಾಲು, ಒಂದು ಫೋಟೊ, ಅರ್ಧ ನಿಮಿಷದ ವಿಡಿಯೊ ಬೇಕು. ಅದಕ್ಕೆ ಹೆಚ್ಚುವರಿ ಸಂಭಾವನೆ ಇದೆಯೇ ಎಂದು ಕೇಳಿ. ಸಾಮಾನ್ಯವಾಗಿ ಇರುವುದಿಲ್ಲ.

ಇನ್ನು ಮಾರುಕಟ್ಟೆ. ನೀವು ಬ್ಯಾಡಗಿಯವರಾಗಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿಮ್ಮೂರಿನ ಮೆಣಸಿನಕಾಯಿ ಪೇಟೆಯ ದಿನಗಳಾದ ಸೋಮವಾರ, ಗುರುವಾರಗಳು ರಾಜ್ಯದ ಬೇರೆ ಯಾವ ತಾಲ್ಲೂಕು ವರದಿಗಾರರಿಗೂ ಇಲ್ಲದ ಆಸ್ತಿ. ಫೆಬ್ರುವರಿ, ಮಾರ್ಚ್‌ನಲ್ಲಿ ಒಂದೇ ದಿನ ಲಕ್ಷಕ್ಕೂ ಹೆಚ್ಚು ಚೀಲ ಮೆಣಸಿನಕಾಯಿ ಬರುವ ಪೇಟೆ ಅದು. ಬಳ್ಳಾರಿ, ರಾಯಚೂರು ಕಡೆಯಿಂದಲ್ಲದೆ ಆಂಧ್ರದಿಂದಲೂ ಮಾಲು ಬರುತ್ತದೆ. ಪತ್ರಿಕೆಗಳು ಅದನ್ನು ಹೇಗೆ ಬರೆಯುತ್ತವೆ? 'ಡಬ್ಬಿ ಮೆಣಸಿನಕಾಯಿಗೆ ದಾಖಲೆ ಬೆಲೆ'. ಡಬ್ಬಿ ಎಂಬುದು ಮೆಣಸಿನಕಾಯಿಯ ಒಂದು ತಳಿ. ಯಾರೋ ಒಬ್ಬ ರೈತರ ಕೆಲವೇ ಚೀಲಗಳಿಗೆ ಸಿಕ್ಕ ಗರಿಷ್ಠ ಧಾರಣೆ ಅದು. ಆ ರೈತರಿಗೆ ಹಾರ ಹಾಕಿದ ಫೋಟೊವೂ ಬರುತ್ತದೆ. ಅದೇ ದಿನ ಹೆಚ್ಚಿನ ಚೀಲಗಳು ಮಾರಾಟವಾದ ಬೆಲೆ, ಅಂದರೆ ಧಾರಣೆ ಪಟ್ಟಿಯಲ್ಲಿರುವ 'ಮಾದರಿ' ಬೆಲೆ, ಹಿಂದಿನ ವಾರಕ್ಕಿಂತ ಇಳಿದಿರಬಹುದು. ಅದನ್ನು ಯಾರೂ ಬರೆಯುವುದಿಲ್ಲ. ಪಟ್ಟಿ ಗುಟ್ಟಿನದೇನೂ ಅಲ್ಲ, ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಆವಕ (ಪೇಟೆಗೆ ಬಂದ ಮಾಲು), ಕನಿಷ್ಠ, ಗರಿಷ್ಠ, ಮಾದರಿ ಎಲ್ಲವೂ ಸಿಗುತ್ತವೆ.

2024ರ ಮಾರ್ಚ್ 11 ನಿಮಗೆ ನೆನಪಿರುತ್ತದೆ. ಅದೂ ಸೋಮವಾರ. ಧಾರಣೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಮಧ್ಯಾಹ್ನದ ವೇಳೆಗೆ ರಾಜ್ಯದ ಎಲ್ಲ ವಾಹಿನಿಗಳಲ್ಲಿ ಬ್ಯಾಡಗಿಯೇ ಬ್ಯಾಡಗಿ. ಕೆಲವೇ ದಿನಗಳಲ್ಲಿ ಕ್ಯಾಮೆರಾಗಳು ಹೊರಟುಹೋದವು. ಬೆಂಕಿಯನ್ನು ಬೆಂಗಳೂರಿನಿಂದ ಬಂದವರೂ ತೋರಿಸಬಲ್ಲರು. ಅದಕ್ಕೆ ಮುಂಚಿನ ವಾರಗಳಲ್ಲಿ ಆವಕ ಎಷ್ಟು ಏರಿತು, ಶೈತ್ಯಾಗಾರಗಳಲ್ಲಿ ಹಳೆಯ ದಾಸ್ತಾನು ಎಷ್ಟಿತ್ತು, ಒಂದು ಲಾಟಿಗೆ (ಒಟ್ಟಿಗೆ ಮಾರಾಟಕ್ಕಿಟ್ಟ ಚೀಲಗಳ ಗುಂಪಿಗೆ) ಎಷ್ಟು ಜನ ವರ್ತಕರು ಟೆಂಡರ್ ಹಾಕುತ್ತಿದ್ದರು ಎಂಬುದನ್ನು ಪ್ರತಿ ವಾರ ಗುರುತು ಮಾಡಿಕೊಳ್ಳಬಲ್ಲವರು ಊರಿನಲ್ಲೇ ಇರುವ ವರದಿಗಾರರು ಮಾತ್ರ. ನಿಮ್ಮ ಬೆಲೆ ಇರುವುದು ಅಲ್ಲಿ.

ಈಗ ಜಾಹೀರಾತು. ಆ ಶೈತ್ಯಾಗಾರದ ಮಾಲೀಕರು, ಆ ವರ್ತಕರು, ಪುರಸಭೆಯ ಸದಸ್ಯರು, ಖಾಸಗಿ ಶಾಲೆಯವರು, ಗುತ್ತಿಗೆದಾರರು: ಯುಗಾದಿ, ದೀಪಾವಳಿ, ರಾಜ್ಯೋತ್ಸವದ ಪುರವಣಿಗಳಿಗೆ ಜಾಹೀರಾತು ಕೊಡಬಲ್ಲವರು ಇವರೇ. ನೀವು ಪ್ರಶ್ನೆ ಕೇಳಬೇಕಾದವರೂ ಇವರೇ. ತಾಲ್ಲೂಕು ಸಣ್ಣದು, ಇವರನ್ನು ಬಿಟ್ಟು ಬೇರೆ ಗುಂಪು ಇರುವುದಿಲ್ಲ. ದೊಡ್ಡ ಊರಿನಲ್ಲಿ ವರದಿಗಾರರು ಬೇರೆ, ಜಾಹೀರಾತು ವಿಭಾಗ ಬೇರೆ. ತಾಲ್ಲೂಕಿನಲ್ಲಿ ಎರಡೂ ಒಬ್ಬರೇ. ಕೆಲವೆಡೆ ಪತ್ರಿಕೆಯ ಏಜೆನ್ಸಿಯೂ ಅವರದೇ.

ವ್ಯವಹಾರ ನಡೆಯುವ ಬಗೆ ಹೀಗೆ. ಹಬ್ಬಕ್ಕೆ ತಿಂಗಳಿರುವಾಗ ಗುರಿ ಬರುತ್ತದೆ: ನಿಮ್ಮ ತಾಲ್ಲೂಕಿನಿಂದ ಇಷ್ಟು ರೂಪಾಯಿ. ಕೇಳಿದವರು 'ಹಾಕಿರಿ, ಆಮೇಲೆ ಕೊಡೋಣ' ಎನ್ನುತ್ತಾರೆ. ಜಾಹೀರಾತು ಪ್ರಕಟವಾಗುತ್ತದೆ. ಬಿಲ್ ನಿಮ್ಮ ಹೆಸರಿಗೆ ಬರುತ್ತದೆ. ವಸೂಲಿಗೆ ಆರು ತಿಂಗಳು ಅಲೆಯುತ್ತೀರಿ. ವಸೂಲಾಗದಿದ್ದರೆ ನಿಮ್ಮ ಕಮಿಷನ್ನಿನಲ್ಲಿ, ಕೆಲವು ಕಡೆ ಗೌರವಧನದಲ್ಲಿಯೇ ಮುರಿದುಕೊಳ್ಳುತ್ತಾರೆ. ಹೀಗೆ ಬಾಕಿ ಉಳಿಸಿಕೊಂಡವರ ಮೇಲೆ ನೀವು ಸುದ್ದಿ ಬರೆದರೆ 'ದುಡ್ಡು ಕೊಡಲಿಲ್ಲವೆಂದು ಬರೆದರು' ಎಂದು ಊರೆಲ್ಲ ಹೇಳುತ್ತಾರೆ. ಬರೆಯದಿದ್ದರೆ 'ದುಡ್ಡು ಕೊಟ್ಟರೆಂದು ಬಿಟ್ಟರು' ಎನ್ನುತ್ತಾರೆ. ಎರಡೂ ಸುಳ್ಳಾಗಿದ್ದರೂ ನಿಮ್ಮ ಬಳಿ ಉತ್ತರವಿಲ್ಲ. ಚುನಾವಣೆಯ ಹೊತ್ತಿನಲ್ಲಿ ಇದು ಇನ್ನೊಂದು ರೂಪಕ್ಕೆ ತಿರುಗುತ್ತದೆ. ಕಾಸು ಕೊಟ್ಟು ಹಾಕಿಸುವ ಸುದ್ದಿಯ ಮೇಲೆ ಕಣ್ಣಿಡಲು ಚುನಾವಣಾ ಆಯೋಗ ಜಿಲ್ಲೆಗಳಲ್ಲಿ ಸಮಿತಿಗಳನ್ನು ರಚಿಸುತ್ತದೆ. ನಿಮ್ಮ ಹೆಸರಿನಲ್ಲಿ ಹೋದ ಹೊಗಳಿಕೆಯ ಸುದ್ದಿಗೆ ಆಗ ನೀವೂ ಉತ್ತರ ಕೊಡಬೇಕಾದೀತು.

ಇದನ್ನೆಲ್ಲ ವರದಿಗಾರರ ನೀತಿಗೇಡು ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಪೆಟ್ರೋಲಿಗೂ ಸಾಲದ ಗೌರವಧನ ಕೊಟ್ಟು, ಗುರುತಿನ ಚೀಟಿ ಕೊಟ್ಟು, 'ಉಳಿದದ್ದು ನೀನೇ ನೋಡಿಕೋ' ಎಂದು ಸೂಚಿಸುವ ವ್ಯವಸ್ಥೆ ಮೇಲಿನವರು ಮಾಡಿದ್ದು. 1999ರಲ್ಲಿ ವಿಜಯ ಕರ್ನಾಟಕ ಬಂದ ಮೇಲಿನ ಪೈಪೋಟಿಯಲ್ಲಿ ಕನ್ನಡ ಪತ್ರಿಕೆಗಳ ಆವೃತ್ತಿಗಳೂ ಜಿಲ್ಲಾ ಪುಟಗಳೂ ಹೆಚ್ಚಿದವು. ಅವುಗಳನ್ನು ತುಂಬಿಸಲು ತಾಲ್ಲೂಕಿಗೊಬ್ಬರು ಬೇಕಾದರು, ಸಂಬಳದ ನೌಕರಿ ಮಾತ್ರ ಅಷ್ಟು ಬೆಳೆಯಲಿಲ್ಲ. ಪತ್ರಕರ್ತರ ಸಂಬಳ ನಿಗದಿಗೆ ರಚಿಸಿದ ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಕೇಂದ್ರ 2011ರಲ್ಲಿ ಅಧಿಸೂಚಿಸಿತು, 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಗುತ್ತಿಗೆಯವರಿಗೂ ಅನ್ವಯವಾಗುತ್ತದೆಂದು 2017ರಲ್ಲಿ ಹೇಳಿತು. ಕಾರ್ಯನಿರತ ಪತ್ರಕರ್ತರ ಕುರಿತ 1955ರ ಕಾಯ್ದೆಯಲ್ಲಿ ಅರೆಕಾಲಿಕರನ್ನೂ ಹೊರಗಿಟ್ಟಿರಲಿಲ್ಲ, ಪತ್ರಿಕೋದ್ಯಮವೇ ಮುಖ್ಯ ಕಸುಬಾಗಿರಬೇಕು ಎಂಬುದಷ್ಟೇ ಷರತ್ತು. ಆದರೆ ನೇಮಕದ ಪತ್ರವೇ ಇಲ್ಲದವರು ಯಾವ ಕಾಗದ ಹಿಡಿದು ಯಾರ ಬಳಿ ಹೋಗಬೇಕು? ಈಗ ಆ ಕಾಯ್ದೆಯನ್ನೂ 2020ರ ಕಾರ್ಮಿಕ ಸಂಹಿತೆಗಳೊಳಗೆ ಸೇರಿಸಲಾಗಿದೆ. ಗ್ರಾಮೀಣ ಪತ್ರಕರ್ತರಿಗೆ ಸರ್ಕಾರದ ಉಚಿತ ಬಸ್ ಪಾಸ್ ಬಂದಿದೆ, ಒಳ್ಳೆಯದೇ. ಅದನ್ನು ಪಡೆಯಲೂ ಕಾಗದ ಬೇಕು.

ಕಾನೂನಿನ ವಿಷಯ ಚುಟುಕಾಗಿ ಹೇಳುತ್ತೇನೆ, ಎಂ.ಎ.ಯಲ್ಲಿ ಓದಿರುತ್ತೀರಿ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಸಂಪಾದಕರ ಜೊತೆ ನಿಮ್ಮನ್ನೂ ಆರೋಪಿಯಾಗಿಸಬಹುದು. ಆದ್ದರಿಂದ ಎದುರು ಪಕ್ಷದ ಹೇಳಿಕೆ ಕೇಳಿದ ಸಂದೇಶವನ್ನು ಅಳಿಸಬೇಡಿ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಮಾತ್ರ ಹಳ್ಳಿಗಾಡಿನ ವರದಿಗಾರರು ಹೆಚ್ಚು ಎಚ್ಚರ ವಹಿಸಬೇಕು. ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರನ್ನಷ್ಟೇ ಅಲ್ಲ, ವಿಳಾಸ, ಶಾಲೆ, ಕುಟುಂಬ, ನೆರೆಹೊರೆಯ ವಿವರವನ್ನೂ ನಿಷೇಧಿಸುತ್ತದೆ. ನೂರು ಮನೆಯ ಊರಿನ ಹೆಸರು ಹಾಕಿ, ಆರೋಪಿ 'ಸೋದರಮಾವ' ಎಂದು ಬರೆದರೆ ಮಗುವಿನ ಹೆಸರು ಬರೆದಂತೆಯೇ. ಡೆಸ್ಕ್ 'ಊರಿನ ಹೆಸರು ಕೊಡಿ' ಎಂದು ಕೇಳಿದರೂ ಕೊಡಬೇಡಿ.

ನೀವು ಹೆಣ್ಣುಮಗಳು ಎಂಬುದನ್ನು ಪತ್ರಿಕೆಯವರು ಪ್ರಸ್ತಾಪಿಸಿಯೇ ಇರುತ್ತಾರೆ, 'ರಾತ್ರಿ ಹೊತ್ತು ಹೇಗೆ?' ಎಂದು. ತಾಲ್ಲೂಕು ಮಟ್ಟದಲ್ಲಿ ವರದಿಗಾರ್ತಿಯರು ಈಗಲೂ ವಿರಳ, ಸುದ್ದಿಗೋಷ್ಠಿಯಲ್ಲಿ ನೀವೊಬ್ಬರೇ ಇರುವ ದಿನಗಳೇ ಹೆಚ್ಚು ಇರುತ್ತವೆ. ನನ್ನ ಅಭಿಪ್ರಾಯದಲ್ಲಿ ರಾತ್ರಿಯ ಸಮಸ್ಯೆಯನ್ನು ಅತಿಯಾಗಿ ಬಿಂಬಿಸುತ್ತಾರೆ. ನಿಮ್ಮ ಪುಟ ರಾತ್ರಿಗೆ ಮೊದಲೇ ಮುಚ್ಚಿರುತ್ತದೆ. ನಿಜವಾದ ತೊಡಕು ಹಗಲಿನದು: ಪರಿಚಯಗಳು ಬೆಳೆಯುವ ಚಹಾದಂಗಡಿಯ ಕಟ್ಟೆ ಗಂಡಸರದು. ಅದರ ಬದಲಿಗೆ ನಿಮಗೆ ತೆರೆಯುವ ಬಾಗಿಲುಗಳೂ ಇವೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಬರುವ ಹೆಂಗಸರ ಕೂಲಿ, ಕೈ ಉರಿ, ಕೆಮ್ಮು, ಅವರ ಜೊತೆ ಬರುವ ಮಕ್ಕಳು ಯಾವ ಧಾರಣೆ ಪಟ್ಟಿಯಲ್ಲಿಯೂ ಇಲ್ಲ. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ತಾಲ್ಲೂಕಿನ ಆರೋಗ್ಯದ ಸ್ಥಿತಿ ಅಧಿಕಾರಿಗಳಿಗಿಂತ ಚೆನ್ನಾಗಿ ಗೊತ್ತು. ಮರಳು, ಗುತ್ತಿಗೆ ಕಾಮಗಾರಿಗಳ ಸುದ್ದಿಗೆ ಮಾತ್ರ ಒಬ್ಬರೇ ಸ್ಥಳಕ್ಕೆ ಹೋಗಬೇಡಿ. ಇದನ್ನು ಗಂಡಸರಿಗೂ ಹೇಳುತ್ತೇನೆ. ಛತ್ತೀಸಗಢದ ಬಿಜಾಪುರದಲ್ಲಿ ರಸ್ತೆ ಕಾಮಗಾರಿಯ ಲೋಪ ವರದಿ ಮಾಡಿದ ಪತ್ರಕರ್ತ ಮುಕೇಶ್ ಚಂದ್ರಾಕರ್ ಅವರ ಶವ 2025ರ ಜನವರಿಯಲ್ಲಿ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ಬಂಧಿತರಲ್ಲಿ ಗುತ್ತಿಗೆದಾರರೂ ಇದ್ದರು.

ಭವಿಷ್ಯದ ಪ್ರಶ್ನೆ. ಪ್ರಕಟಣೆಯನ್ನು ತಿದ್ದಿ, ಶೀರ್ಷಿಕೆ ಕೊಟ್ಟು ಕಳುಹಿಸುವ ಕೆಲಸಕ್ಕೆ ಭವಿಷ್ಯವಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಇಲಾಖೆ, ಪಕ್ಷ, ಮಠ, ಸಂಘಟನೆ ಎಲ್ಲರೂ ಈಗ ಫೋಟೊ ಸಹಿತ ಸಿದ್ಧ ಸುದ್ದಿಯನ್ನು ಗುಂಪಿಗೆ ಹಾಕುತ್ತಾರೆ. ಅದನ್ನು ನಾಲ್ಕು ಸಾಲಿಗೆ ಇಳಿಸುವುದನ್ನು ಯಂತ್ರವೂ ಮಾಡುತ್ತದೆ. ತಾಲ್ಲೂಕಿಗೊಂದರಂತೆ ಹುಟ್ಟಿರುವ ಯೂಟ್ಯೂಬ್ ವಾಹಿನಿಗಳು ವಿಡಿಯೊವನ್ನು ನಿಮಗಿಂತ ಬೇಗ ಹಾಕುತ್ತವೆ. ಅವುಗಳ ಜೊತೆ ಓಡಿ ಗೆಲ್ಲಲು ಹೋಗಬೇಡಿ. ಓಡದೆ ಕುಳಿತು ಮಾಡುವ ಕೆಲಸವೊಂದಿದೆ. ಒಂದು ಕಾಮಗಾರಿಯನ್ನು ಆರಿಸಿ: ಟೆಂಡರ್ ಕರೆದರೋ, ವಿನಾಯಿತಿ ಪಡೆದರೋ, ಅಂದಾಜು ಎಷ್ಟು, ಪಾವತಿ ಎಷ್ಟಾಯಿತು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ, 30 ದಿನ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಇದನ್ನು ಮರೆತ ಅರ್ಜಿಗಳು ತಿರಸ್ಕೃತವಾಗುತ್ತವೆ. ತಿಂಗಳಿಗೆ ಇಂಥದೊಂದು ಸುದ್ದಿ ಬಂದರೆ ಸಾಕು. ಊರಿನಲ್ಲಿ ಪತ್ರಿಕೆಗಿಂತ ಮೊದಲು ನಿಮ್ಮ ಹೆಸರನ್ನು ಹೇಳತೊಡಗುತ್ತಾರೆ. ನಾಳೆ ಆ ಪತ್ರಿಕೆ ಜಿಲ್ಲಾ ಪುಟವನ್ನೇ ನಿಲ್ಲಿಸಿದರೂ ಆ ಹೆಸರು ನಿಮ್ಮ ಜೊತೆ ಬರುತ್ತದೆ.

ಹಾಗಾದರೆ ಸೇರಬೇಕೇ? ಸೇರಿ, ಆದರೆ ಮೂರು ಮಾತು ಇತ್ಯರ್ಥವಾದ ಮೇಲೆ. ಮೊದಲನೆಯದು ಕಾಗದ. ನೇಮಕದ ಪತ್ರ ಕೊಡಲು ಹಿಂದೇಟು ಹಾಕಿದರೆ, ಗೌರವಧನ ಎಷ್ಟು, ಯಾವ ತಾರೀಕಿಗೆ, ಜಾಲತಾಣದ ಕೆಲಸಕ್ಕೆ ಏನು ಎಂಬುದನ್ನು ಮಿಂಚಂಚೆಯಲ್ಲಿ ಬರೆಸಿಕೊಳ್ಳಿ. ಎರಡನೆಯದು ಜಾಹೀರಾತು. ಸಂಗ್ರಹ ನಿಮ್ಮಿಂದ ಬೇಡ, ಊರಿನ ಏಜೆಂಟರು ಮಾಡಲಿ ಎಂದು ಕೇಳಿ. ಪೂರ್ತಿ ಒಪ್ಪುವುದಿಲ್ಲ, ಅದು ನನಗೂ ಗೊತ್ತು. ಕನಿಷ್ಠ ಮುಂಗಡ ಹಣ ನೇರವಾಗಿ ಪತ್ರಿಕೆಯ ಖಾತೆಗೆ ಬಂದ ಮೇಲೆಯೇ ಜಾಹೀರಾತು ಪ್ರಕಟಿಸಬೇಕು, ಬಾಕಿ ನಿಮ್ಮ ತಲೆಗೆ ಬರಬಾರದು ಎಂಬುದಕ್ಕೆ ಪಟ್ಟು ಹಿಡಿಯಿರಿ. ಗುತ್ತಿಗೆದಾರರ ಮತ್ತು ಪುರಸಭೆಯವರ ಹತ್ತಿರ ಜಾಹೀರಾತಿಗೆ ನೀವಾಗಿ ಹೋಗಲೇಬೇಡಿ. ಮೂರನೆಯದು ಪತ್ರಿಕೆಯವರ ಬಳಿ ಅಲ್ಲ, ಮನೆಯಲ್ಲಿ ತೀರ್ಮಾನವಾಗಬೇಕಾದದ್ದು: ಈ ಗೌರವಧನದಿಂದ ಸಂಸಾರ ನಡೆಯುವುದಿಲ್ಲ, ಇನ್ನೊಂದು ಆದಾಯ ಬೇಕು. ಅನುವಾದ, ಪಾಠ, ದೂರದಿಂದಲೇ ಮಾಡಬಹುದಾದ ಹಳೆಯ ಜಾಲತಾಣದ ಕೆಲಸ ಯಾವುದಾದರೂ ಸರಿ. ನೀವು ಬರೆಯಬೇಕಾದವರ ಜೇಬಿನಿಂದ ಬರುವ ದುಡ್ಡು ಮಾತ್ರ ಆಗಬಾರದು. ತಂದೆಯವರೊಡನೆ ಮಾತನಾಡುವಾಗ ಪತ್ರಿಕೆಯ ಭವಿಷ್ಯದ ಬಗ್ಗೆ ವಾದಿಸುವ ಬದಲು ಈ ಲೆಕ್ಕವನ್ನು ಮುಂದಿಡಿ.

ಒಪ್ಪಿಗೆ ಹೇಳುವುದಾದರೆ ತಡ ಮಾಡಬೇಡಿ. ಜನವರಿಯಲ್ಲಿ ಹೊಸ ಮಾಲಿನ ಆವಕ ಏರತೊಡಗುತ್ತದೆ, ಅದಕ್ಕೆ ಮೊದಲೇ ಮಾತುಕತೆ ಮುಗಿದಿರಲಿ. ಸೀಸನ್ ನಡುವೆ ಸೇರಿದರೆ ನಿಮ್ಮ ಕೈಗೆ ಮೊದಲು ಬರುವುದು ಯುಗಾದಿ ಪುರವಣಿಯ ಜಾಹೀರಾತು ಪಟ್ಟಿ.